ಬಯೋಡಾಟಾದಲ್ಲಿ ಬರೆದ ಬೆಲೆ

ಕೆಲಸ ಹುಡುಕುವವರು ಯಾರಾದರೂ ನನ್ನ ಹತ್ತಿರ ಬಂದರೆ ಮೊದಲು ಅವರ ಬಯೋಡಾಟಾ ಇಸಿದುಕೊಂಡು ಕೊನೆಯ ಸಾಲು ನೋಡುತ್ತೇನೆ. ‘ನಿರೀಕ್ಷಿಸುವ ಸಂಬಳ’ ಎಂದು ಬರೆದು ಮುಂದೆ ಅಂಕಿ ಹಾಕಿದ್ದರೆ ಅಲ್ಲೇ ಹೊಡೆದು ಹಾಕಿಸುತ್ತೇನೆ. ಯಾಕೆ ಎಂದು ಕೇಳಿದವರಿಗೆ ಅರ್ಧ ಮಾತ್ರ ಹೇಳಿದ್ದೇನೆ. ಇನ್ನರ್ಧ ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತು.

ಅದಿರಿಗೆ ಚಿನ್ನದ ಬೆಲೆ ಬಂದ ಕಾಲ. ಸಂಡೂರಿನ ಗುಡ್ಡ ಲಾರಿ ಹತ್ತಿ ಬಂದರಿಗೆ ಹೋಗುತ್ತಿತ್ತು. ಹೊಸಪೇಟೆಯಲ್ಲಿ ವಾರಕ್ಕೊಂದು ಹೊಸ ಆಫೀಸಿನ ಬೋರ್ಡು. ಈಗ ಕೆಲಸ ಸಿಗದವರು ಯಾರಿದ್ದಾರೆ ಎಂದು ಎಲ್ಲರೂ ಕೇಳುತ್ತಿದ್ದರು. ಸಿಗದವಳು ನಾನಿದ್ದೆ. ಊರಿಗೆಲ್ಲ ಬರಗಾಲವಿದ್ದಾಗ ಹಸಿದಿರುವುದು ಒಂದು ಥರ. ಊರೆಲ್ಲ ಉಂಡು ಕೈ ತೊಳೆಯುವಾಗ ಹಸಿದಿರುವುದು ಇನ್ನೊಂದು ಥರ. ಎರಡನೆಯದರಲ್ಲಿ ಹೊಟ್ಟೆಗಿಂತ ಕಣ್ಣು ಹೆಚ್ಚು ಉರಿಯುತ್ತದೆ.

ಅಪ್ಪನದು ಬಾಳೆಕಾಯಿ ಮಂಡಿ. ಕಂಪ್ಲಿ ಕಡೆಯಿಂದ ಗೊನೆ ಬರುತ್ತಿದ್ದವು. ಅಲ್ಲೇ ಆಡಿ ಬೆಳೆದವಳಾದ್ದರಿಂದ ಬೆಲೆ ಹೇಳುವ ಕ್ರಮ ನನಗೆ ಯಾರೂ ಕಲಿಸಬೇಕಾಗಲಿಲ್ಲ. ಮೊದಲು ಏರಿಸಿ ಹೇಳಬೇಕು. ಎದುರಿನವರು ಹೌಹಾರಬೇಕು. ಎದ್ದು ಹೊರಟಂತೆ ಮಾಡಬೇಕು. ಆಮೇಲೆ ಇಬ್ಬರೂ ನಡುವೆ ಎಲ್ಲಿಯೋ ನಿಲ್ಲಬೇಕು. ಬಿ.ಕಾಂ. ಮುಗಿಸಿ ಕಂಪ್ಯೂಟರ್ ಕಲಿತರೂ ಈ ಬುದ್ಧಿ ಹೋಗಲಿಲ್ಲ. ಅಪ್ಪ ಗಡುವು ಕೊಟ್ಟಿದ್ದರು.

“ದೀಪಾವಳಿತನ ನೋಡ್ತೀನಿ ನೋಡವ್ವ. ನೌಕರಿ ಆಗ್ಲಿಲ್ಲಂದ್ರ ಮಂಡ್ಯಾಗ ಬಂದು ಕುಂದ್ರು. ನಿನ್ನಂಥಾ ಬಾಯಿ ನನಗೂ ಬೇಕಾಗೈತಿ.”

ಮಂಡಿಯಲ್ಲಿ ಕೂಡುವುದು ನನಗೆ ಬೇಕಿರಲಿಲ್ಲ. ಫ್ಯಾನಿನ ಕೆಳಗೆ ಕುರ್ಚಿ, ಕೊರಳಲ್ಲಿ ಐಡಿ ಕಾರ್ಡು, ಸಂಜೆ ಮನೆಗೆ ಬಂದು “ಇವತ್ತು ಭಾಳ ಕೆಲ್ಸ” ಎನ್ನುವುದು, ಇವು ಬೇಕಿದ್ದವು.

ನಮ್ಮ ಓಣಿಯಲ್ಲೇ ನನ್ನ ಗೆಳತಿಯ ಮನೆ. ಅವಳ ತಾಯಿ ರವಿಕೆ ಹೊಲಿದು ಮಗಳನ್ನು ಓದಿಸಿದವರು. ನಾವಿಬ್ಬರೂ ಒಂದೇ ಕಾಲೇಜು, ಒಂದೇ ಕಂಪ್ಯೂಟರ್ ಕ್ಲಾಸು. ಅಂಕ ನನ್ನವೇ ಜಾಸ್ತಿ, ಟೈಪಿಂಗ್ ನನ್ನದೇ ಚುರುಕು. ಅವಳು ‘ಎ’ ಎಲ್ಲಿದೆ ಎಂದು ಕೀಬೋರ್ಡಿನ ಮೇಲೆ ತಲೆಯಲ್ಲಿ ಹೇನು ಹುಡುಕಿದಂತೆ ಹುಡುಕುತ್ತಿದ್ದಳು. ಇಬ್ಬರ ಬಯೋಡಾಟಾವನ್ನೂ ನಾನೇ ಟೈಪ್ ಮಾಡಿದೆ. ನನ್ನದರ ಕೊನೆಗೆ ನಿರೀಕ್ಷಿಸುವ ಸಂಬಳ ಆರು ಸಾವಿರ ಎಂದು ಹಾಕಿದೆ. ಆಗ ಅಂಥ ಕೆಲಸಕ್ಕೆ ಎರಡೂವರೆ ಸಿಕ್ಕರೆ ದೊಡ್ಡದು. ಆರು ಅಂದರೆ ಮೂರಕ್ಕಾದರೂ ನಿಲ್ಲುತ್ತಾರೆ ಎಂಬುದು ನನ್ನ ಎಣಿಕೆ.

“ನಿನಗೆಷ್ಟು ಹಾಕ್ಲಿ?” ಎಂದು ಅವಳನ್ನು ಕೇಳಿದೆ.

“ಅಯ್ಯ, ಅದೆಲ್ಲಾ ಬ್ಯಾಡ ಬಿಡಲೇ. ಮೊದ್ಲು ಕರೀಲಿ” ಎಂದಳು. ದಡ್ಡಿ ಎಂದುಕೊಂಡೆ.

ಅವಳ ಮನೆಯಲ್ಲಿ ಫೋನ್ ಇರಲಿಲ್ಲ. ನನ್ನ ಹತ್ತಿರ ಮೊಬೈಲ್ ಇತ್ತು. ಮೂರು ದಿನ ಅಂಗಡಿಯವನ ಜೀವ ತಿಂದು ಕೊಂಡ ಸೆಕೆಂಡ್ ಹ್ಯಾಂಡ್ ಸೆಟ್ಟು. ಫೋನಿಲ್ಲದವರು ಪಕ್ಕದ ಮನೆಯವರ ನಂಬರು ಬರೆದು ಮುಂದೆ ‘ಪಿಪಿ’ ಎಂದು ಹಾಕುವುದು ಆಗಿನ ಪದ್ಧತಿ. ಅವಳ ಬಯೋಡಾಟಾದಲ್ಲೂ ನನ್ನದೇ ನಂಬರು, ಪಿಪಿ.

ಇಬ್ಬರೂ ಕೆಂಪು ಧೂಳಿನಲ್ಲಿ ಆಫೀಸು ಆಫೀಸು ತಿರುಗಿದೆವು. ಮನೆಗೆ ಬಂದು ದುಪಟ್ಟಾ ಒಗೆದರೆ ಬಕೆಟ್ಟಿನ ನೀರು ಕಾವಿ. ಗೇಟಿನವರು ಕವರು ಇಸಿದುಕೊಂಡು “ಫೋನ್ ಮಾಡ್ತಾರ್ರೀ” ಎನ್ನುತ್ತಿದ್ದರು. ಫೋನ್ ಬರುತ್ತಲೂ ಇತ್ತು, ಅವಳಿಗೆ. ನನ್ನ ಫೋನಿಗೆ, ನಾನು ರೀಚಾರ್ಜ್ ಮಾಡಿಸಿದ ಫೋನಿಗೆ, ಅವಳ ಹೆಸರು ಕೇಳಿಕೊಂಡು. ಕುರೆಕುಪ್ಪದಿಂದ ಒಮ್ಮೆ, ಸ್ಟೇಷನ್ ರೋಡಿನ ಆಫೀಸಿನಿಂದ ಒಮ್ಮೆ. ಪ್ರತಿ ಸಲ ನಾನು ಓಣಿಯುದ್ದ ಓಡಿಹೋಗಿ ಹೇಳಬೇಕು. ಅವಳು ಸಂದರ್ಶನಕ್ಕೆ ಹೋಗಿ ಕೀಬೋರ್ಡಿನಲ್ಲಿ ಹೇನು ಹುಡುಕಿ ವಾಪಸು ಬರುತ್ತಿದ್ದಳು. ಅವಳಿಗೆ ಆಗಲಿಲ್ಲ ಎಂದಾಗ ನಾನು “ಛೇ” ಎನ್ನುತ್ತಿದ್ದೆ. ಅಂದು ಊಟ ಮಾತ್ರ ಎರಡು ತುತ್ತು ಹೆಚ್ಚಾಗಿಯೇ ಸೇರುತ್ತಿತ್ತು.

ದಸರಾ ಮುಗಿದ ಮೇಲೆ ಒಂದು ಮಧ್ಯಾಹ್ನ ಸಂಡೂರಿನ ಆಫೀಸೊಂದರಿಂದ ಫೋನ್ ಬಂತು. ಕೂತಿದ್ದವಳು ಎದ್ದು ನಿಂತೆ. ಕೇಳಿದ್ದು ಮತ್ತೆ ಅವಳನ್ನೇ. ಲಾರಿ ಬಿಲ್ಲು ಟೈಪ್ ಮಾಡಲು ಜನ ಬೇಕು, ನಾಳೆ ಹತ್ತಕ್ಕೆ ಬರಲಿ, ತುರ್ತು ಐತಿ ಎಂದರು. ನನಗೆ ತಡೆಯಲಾಗಲಿಲ್ಲ.

“ಸರ್, ನಾನೂ ನಿಮ್ಮಲ್ಲಿ ಅರ್ಜಿ ಕೊಟ್ಟೀನ್ರಿ. ಆಕಿಗಿಂತ ನಂದು ಟೈಪಿಂಗ್ ಜೋರೈತ್ರಿ” ಎಂದು ಹೆಸರು ಹೇಳಿದೆ.

ಆ ಕಡೆ ಹಾಳೆ ತಿರುವಿದ ಸದ್ದು. ಆಮೇಲೆ ನಗು.

“ಓಹೋ, ಆರು ಸಾವಿರದ ಮೇಡಂ ನೀವೇನು! ನಿಮ್ಮ ಕಾಗದ ಇಲ್ಲೇ ಐತಿ ನೋಡ್ರಿ. ಎಲ್ಲಾರ್ಗೂ ತೋರ್ಸಿ ನಗ್ತಿರ್ತೀವಿ.”

“ಅದು ಹೇಳೋ ರೇಟ್ರಿ ಸರ್. ಕೂತು ಮಾತಾಡಿದ್ರ ಇಳೀತೈತಲ್ರಿ.”

“ಕಾಗದದ ಜೊತಿ ಯಾರು ಕೂತು ಮಾತಾಡ್ತಾರ್ರೀ? ಇದೇನು ಬಾಳಿಕಾಯಿ ಮಂಡಿ ಅಂತ ತಿಳ್ಕೊಂಡೀರೇನು? ಆಕಿನ್ನ ಕಳಸ್ರಿ” ಎಂದು ಇಟ್ಟರು.

ಆರು ತಿಂಗಳು ಒಂದೇ ಒಂದು ಫೋನ್ ಯಾಕೆ ಬರಲಿಲ್ಲ ಎಂಬುದು ಹೀಗೆ ತಿಳಿಯಿತು. ನನ್ನ ಜಾಣತನವೇ ನನ್ನ ದಾರಿಗೆ ಅಡ್ಡ ಮಲಗಿತ್ತು. ಅವಳು ಏನೂ ಬರೆಯದೆ ಬಿಟ್ಟ ಖಾಲಿ ಜಾಗ ಅವಳನ್ನು ಕರೆಸುತ್ತಿತ್ತು. ನಾಚಿಕೆಯಾಗಬೇಕಿತ್ತು. ಆದದ್ದು ಹೊಟ್ಟೆಕಿಚ್ಚು.

ಸಂಜೆಯವರೆಗೂ ಅವಳ ಮನೆಗೆ ಹೋಗಲಿಲ್ಲ. ಹೇಳದೇ ಇದ್ದುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಬ್ಯಾಟರಿ ಮುಗಿದಿತ್ತು ಎಂದರೆ ಆಯಿತು. ಕೊನೆಗೆ ಹೋದದ್ದು ಒಳ್ಳೆಯತನದಿಂದಲ್ಲ. ಅದಕ್ಕಿಂತ ಒಳ್ಳೆಯ ಉಪಾಯ ಹೊಳೆದಿತ್ತು. ಫೋನಿನ ವಿಷಯ ಹೇಳಿದೆ. ಆಮೇಲೆ ಎಂದಿನಂತೆ ಬುದ್ಧಿ ಹೇಳುವ ದನಿ ತೆಗೆದೆ.

“ಲೇ, ಸಂಬಳ ಎಷ್ಟು ಬೇಕು ಅಂತಾರ. ಕೊಟ್ಟಷ್ಟು ಕೊಡ್ರಿ ಅನ್ಬ್ಯಾಡ. ಆರು ಸಾವಿರ ಅನ್ನು. ಒಂದು ರೂಪಾಯಿ ಕಡಿಮಿ ಹೇಳಬ್ಯಾಡ.”

“ಆರಾ? ಹೊರಗ ದಬ್ಬತಾರ ನನ್ನ!”

“ದಬ್ಬೂದಿಲ್ಲ. ಅವ್ರು ಏನರ ಅಂದ್ರ ಸುಮ್ನ ಕುಂದ್ರು. ಮಾತೇ ಆಡಬ್ಯಾಡ.”

ಅವಳ ತಾಯಿ ಹೊಲಿಗೆ ಮಷೀನು ನಿಲ್ಲಿಸಿ, “ಆಕಿ ಹೇಳಿದಂಗ ಕೇಳವ್ವ. ವ್ಯವಹಾರ ಗೊತ್ತಿರೋ ಹುಡುಗಿ” ಎಂದರು. ನನಗೆ ಕಣ್ಣೆತ್ತಿ ಅವರನ್ನು ನೋಡಲಾಗಲಿಲ್ಲ. ಆದರೂ ಮಾತು ಹಿಂತೆಗೆದುಕೊಳ್ಳಲಿಲ್ಲ.

ಮರುದಿನ ಸಂಡೂರಿನ ಬಸ್ಸು ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡಿರಲಿ ಎಂದು ಬೇಡಿಕೊಂಡೆ. ಬಸ್ಸು ಸಿಕ್ಕಿಕೊಳ್ಳಲಿಲ್ಲ. ಸಂಜೆ ಅವಳು ಪೇಡೆಯ ಡಬ್ಬಿ ಹಿಡಿದು ನಮ್ಮ ಮನೆಗೇ ಮೊದಲು ಬಂದಳು. ಹೊಸ್ತಿಲಲ್ಲೇ ನನ್ನನ್ನು ಅಪ್ಪಿಕೊಂಡಳು.

“ಆರು ಅಂದೆ ನೋಡಲೇ. ಎಲ್ಲಾರೂ ನಕ್ರು. ನೀ ಹೇಳಿದಂಗ ಸುಮ್ನ ಕುಂತೆ. ನನಗ ಅಂಜಿಕಿಗೆ ಮಾತೂ ಬರ್ತಿದ್ದಿಲ್ಲ ಅನ್ನು. ಹೊರಗ ಲಾರಿಯವ್ರು ಬಿಲ್ಲು ಬಿಲ್ಲು ಅಂತ ಒದರಾಕತ್ತಿದ್ರು. ಮೂರು ಅಂದ್ರು, ಸುಮ್ನ. ಮೂರೂವರಿ ಅಂದ್ರು, ಸುಮ್ನ. ಕಡೀಗೆ ನಾಲ್ಕು ಅಂದ್ರು. ನಾಳಿಂದ್ಲೇ ಬಾ ಅಂತ!”

ನಾಲ್ಕು ಸಾವಿರ. ನನ್ನ ಬೆಲೆ, ನನ್ನ ಮಾತು, ನನ್ನ ಮಂಡಿಯ ವಿದ್ಯೆ. ಕಾಗದದ ಮೇಲೆ ಸತ್ತುಬಿದ್ದಿದ್ದದ್ದು ಮುಖಾಮುಖಿ ಕೂತ ಕೂಡಲೇ ಎದ್ದು ಓಡಿತ್ತು, ಅದೂ ಬಾಯೇ ಇಲ್ಲದವಳ ಬಾಯಲ್ಲಿ. ಅವಳು ಓಣಿಯ ತುಂಬ “ಎಲ್ಲಾ ಇಕಿದೇ ಪುಣ್ಯ” ಎಂದು ಹೇಳಿಕೊಂಡು ಬಂದಿದ್ದಳು. ಬೈದಿದ್ದರೆ ಸಹಿಸುತ್ತಿದ್ದೆ.

ಅವಳ ಹಿಂದೆಯೇ ಬಂದ ಅವಳ ತಾಯಿ ನನ್ನ ಕೈಗೆ ಪೇಡೆ ಹಾಕುತ್ತ ಕೇಳಿದರು: “ಇಷ್ಟೆಲ್ಲಾ ಗೊತ್ತಿದ್ದಾಕಿ ನೀನ್ಯಾಕ ಇನ್ನಾ ಮನ್ಯಾಗದೀಯವ್ವ?”

ಕುಹಕವಿರಲಿಲ್ಲ ಆ ಮಾತಿನಲ್ಲಿ, ಅದಕ್ಕೇ ಚುಚ್ಚಿತು. “ಫೋನ್ ಬರ್ಲಿ ಅಂತ ಕಾಯಾಕತ್ತೀನ್ರಿ” ಎಂದೆ.

“ಫೋನ್ ಬಂದಾಗ ಬರ್ಲಿ. ನೀ ಎದ್ದು ಹೋಗು.”

ಮರುದಿನ ಅವಳು ಹೊಸ ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಹೋಗುವುದನ್ನು ಕಿಟಕಿಯಿಂದ ನೋಡಿದೆ. ಪೂರ್ತಿ ನೋಡಿ ಮುಗಿಸಿ, ಆ ಕೊನೆಯ ಸಾಲು ತೆಗೆದು ಬಯೋಡಾಟಾ ಹೊಸದಾಗಿ ಟೈಪ್ ಮಾಡಿದೆ. ಗೇಟಿನವರ ಕೈಗೆ ಕವರು ಕೊಡುವುದನ್ನು ಬಿಟ್ಟೆ. ಯಾವ ಆಫೀಸಿನ ಮುಂದೆ ಲಾರಿಯವರು ಒದರುತ್ತಿದ್ದಾರೆ ಎಂದು ಮೊದಲು ನೋಡುತ್ತಿದ್ದೆ. ಅಲ್ಲಿ ಕೆಲಸ ಮಾಡುವವರು ಕಡಿಮೆ ಇದ್ದಾರೆ ಎಂದೇ ಅರ್ಥ. ನೀವೂ ಹಾಗೇ ನೋಡಿ. ಮೂರು ಕಡೆ ಒಳಗೆ ಬಿಡಲಿಲ್ಲ, ಒಂದು ಕಡೆ ನನ್ನೆದುರೇ ಇನ್ನೊಬ್ಬರನ್ನು ತೆಗೆದುಕೊಂಡರು. ದೀಪಾವಳಿಗೆ ನಾಲ್ಕು ದಿನವಿದ್ದಾಗ ಬೈಪಾಸ್ ಹತ್ತಿರದ ಒಂದು ಲಾರಿ ಆಫೀಸಿನಲ್ಲಿ ಕುರ್ಚಿ ತೋರಿಸಿ ಕೂಡ್ರಿ ಎಂದರು.

“ಎಷ್ಟು ಬೇಕ್ರಿ?”

ಮೂರು ಕೊಟ್ಟರೂ ಒಪ್ಪುವ ಸ್ಥಿತಿ ನನ್ನದು. ಆದರೆ ಬಾಯಿಗೆ ಬಂದದ್ದು ಅವಳ ಸಂಬಳ.

“ನಾಲ್ಕು ಸಾವಿರದ ನೂರು.”

“ಅದೇನ್ರಿ ಆ ನೂರು?” ಎಂದು ನಕ್ಕರು. ನಾನು ಸುಮ್ಮನೆ ಕೂತೆ. ಹೊರಗೆ ಹಾರ್ನು ಹೊಡೆದುಕೊಳ್ಳುತ್ತಿತ್ತು. ಅವರು ಐವತ್ತು ಇಳಿಸಿದರು. ಒಪ್ಪಿಕೊಂಡೆ.

ಅಂದು ಸಂಜೆ ಮಂಡಿಗೆ ಹೋಗಿ ಅಪ್ಪನಿಗೆ ತಿಳಿಸುವ ಮೊದಲು ಅವಳ ಮನೆಯ ಬಾಗಿಲಲ್ಲಿ ನಿಂತು, ಅವಳು ಬಸ್ಸಿಳಿದು ಬರುವ ತನಕ ಕಾದು, ಸಂಬಳ ಎಷ್ಟು ಎಂದು ಹೇಳಿದೆ.