ಕ್ಯಾಸಲ್‌ನಾಕ್ ಹೆಡ್‌ಕ್ವಾರ್ಟರ್ಸ್

ನಮ್ಮಪ್ಪ ಯುದ್ಧಕ್ಕೆ ಹೋಗಿದ್ದಾರೆ ಎಂದು ಚಿಕ್ಕಂದಿನಲ್ಲಿ ಶಾಲೆಯಲ್ಲೆಲ್ಲ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಅವರು ಹೋಗಿದ್ದು ಮದ್ರಾಸಿಗೆ. ನಮ್ಮ ಸೈನ್ಯ ಸಮುದ್ರ ದಾಟಿ ಶ್ರೀಲಂಕಾದಲ್ಲಿ ಹೊಡೆದಾಡುತ್ತಿತ್ತು. ಅದನ್ನು ನಡೆಸುವ ಹೆಡ್‌ಕ್ವಾರ್ಟರ್ಸ್ ಮಾತ್ರ ಈಚೆ ದಡದಲ್ಲಿ ಉಳಿದಿತ್ತು. ಮೇಲೆ ದೆಹಲಿ, ನಡುವೆ ಮದ್ರಾಸು, ಕೆಳಗೆ ದ್ವೀಪದಲ್ಲಿ ಡಿವಿಷನ್ನು, ಬ್ರಿಗೇಡು, ಬೆಟಾಲಿಯನ್ನು. ಆರ್ಡರ್ ಇಳಿಯುತ್ತಿತ್ತು, ರಿಪೋರ್ಟ್ ಏರುತ್ತಿತ್ತು. ಎರಡನ್ನೂ ದಾಟಿಸುವ ಮೇಜಿನ ಮುಂದೆ ಕೂತಿದ್ದ ಕರ್ನಲ್ ನಮ್ಮಪ್ಪ. "ಯುದ್ಧದಲ್ಲಿ ನೀವೇನು ಮಾಡ್ತಿದ್ರಿ?" ಎಂದರೆ "ಫೋನ್ ಎತ್ತಿಕೊಳ್ತಿದ್ದೆ" ಎನ್ನುತ್ತಿದ್ದರು. ನನಗೆ ಅವಮಾನವಾಗುತ್ತಿತ್ತು. ಗೆಳತಿಯರಿಗೆ ಬಂದೂಕಿನ ಕಥೆಗಳನ್ನು ನಾನೇ ಕಟ್ಟಿ ಹೇಳುತ್ತಿದ್ದೆ.

ಆ ಫೋನಿನ ಬಗ್ಗೆ ಅವರು ಬಾಯಿ ಬಿಟ್ಟಿದ್ದು ಎಷ್ಟೋ ವರ್ಷಗಳ ಮೇಲೆ, ಐರ್ಲೆಂಡಿನಲ್ಲಿ. ಅಪ್ಪ, ಅಮ್ಮ ಇಬ್ಬರೂ ಕ್ಯಾಸಲ್‌ನಾಕ್‌ನ ನಮ್ಮ ಮನೆಗೆ ಬಂದಿದ್ದರು. ಇಲ್ಲಿನ ಚಳಿ ಸಾಕಪ್ಪಾ ಸಾಕು ಎಂದು ಅಮ್ಮ ಮೊದಲೇ ಮೈಸೂರಿಗೆ, ನನ್ನ ತಂಗಿಯ ಹತ್ತಿರಕ್ಕೆ ಹೊರಟುಬಿಟ್ಟರು. ಅಪ್ಪ ಹಿಂದೆಯೇ ಹೋಗಬೇಕಿತ್ತು. ಅಷ್ಟರಲ್ಲಿ ಕೊರೊನಾ ಬಂತು, ವಿಮಾನಗಳು ನಿಂತವು. ಮತ್ತೆ ಹಾರಲು ಶುರುವಾದಾಗ ಅಪ್ಪನ ಎದೆಗೆ ಸ್ಟೆಂಟ್ ಹಾಕಿಸಬೇಕಾಯಿತು. ಹೀಗೇ ವರ್ಷ ಉರುಳಿತು. ಮನೆಯಿಂದ ಐದು ಕಿಲೋಮೀಟರ್ ಆಚೆ ಹೋಗಕೂಡದೆಂಬ ಕಾಲ. ಪಕ್ಕದ ಫೀನಿಕ್ಸ್ ಪಾರ್ಕಿನಲ್ಲಿ ಇಬ್ಬರೂ ಸುಮ್ಮನೆ ನಡೆಯುತ್ತಿದ್ದೆವು. ಒಂದು ದಿನ, ಕೇಳದೇ ಇದ್ದರೂ, ಅವರೇ ಶುರು ಮಾಡಿದರು.

"ದ್ವೀಪದಿಂದ ಒಬ್ಬ ಬೆಟಾಲಿಯನ್ ಕಮಾಂಡರ್ ಲೈನಿಗೆ ಬಂದ. ಮ್ಯಾಪಲ್ಲಿರೋ ರಸ್ತೆ ಇಲ್ಲಿಲ್ಲ ಸಾರ್, ಬರೀ ನೀರು, ಬೆಳಗಾಗೋವರೆಗೂ ತಡೀರಿ ಅಂದ. ನಾನು ಮೇಲಿನವರಿಗೆ ಹೇಳಿದೆ. ಮ್ಯಾಪಲ್ಲಿದೆ, ಹೋಗು ಅನ್ನಿ ಅಂದ್ರು. ಅಂದೆ."

"ಹೋದ್ರಾ?"

"ಹೋದ್ರು."

"ಆಮೇಲೆ?"

"ಆಮೇಲೆ ರಿಪೋರ್ಟ್ ಬಂತು."

ನನಗೆ ಏನೂ ಅನ್ನಿಸಲಿಲ್ಲ. ಆ ವರ್ಷ ನನಗೆ ಯಾವುದೂ ಏನೂ ಅನ್ನಿಸುತ್ತಿರಲಿಲ್ಲ. ನಾನು ಡ್ರೋಹೆಡಾದ ಆಸ್ಪತ್ರೆಯಲ್ಲಿ ಡಾಕ್ಟರ್. ಆಕ್ಸಿಜನ್ ಎಂಬತ್ತೆರಡಕ್ಕೆ ಇಳಿದ ರೈತ ಮುದುಕ ಮಾಸ್ಕಿನೊಳಗಿಂದ "ಐಯಾಮ್ ಗ್ರ್ಯಾಂಡ್, ಡಾಕ್ಟರ್", ನಾನು ಆರಾಮಾಗಿದ್ದೀನಿ, ಎನ್ನುತ್ತಿದ್ದ; ಮಾರನೆಯ ದಿನ ಆ ಹಾಸಿಗೆಯಲ್ಲಿ ಬೇರೊಬ್ಬರು. ಮನೆಯವರಿಗೆ ಫೋನಿನಲ್ಲಿ ಹೇಳಬೇಕಾದ ಇಂಗ್ಲಿಷ್ ವಾಕ್ಯಗಳೆಲ್ಲ ಬಾಯಿಪಾಠವಾಗಿದ್ದವು. ಹೇಳಿ ಮುಗಿಸಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದೆ. ಹಸಿವಾಗುತ್ತಿತ್ತಲ್ಲ, ಏನು ಮಾಡಲಿ.

ಭಾರತದಲ್ಲಿ ಎರಡನೆಯ ಅಲೆ ಎದ್ದಾಗ ಅಮ್ಮನಿಗೆ ಜ್ವರ ಬಂತು. ಸಂಬಂಧಿಕರ ಸಹಾಯ ಕೇಳುವಂತಿರಲಿಲ್ಲ, ಎಲ್ಲರ ಮನೆಯಲ್ಲೂ ಅದೇ ಪಾಡು. ತಂಗಿ ಕಾಲೇಜಿನಲ್ಲಿ ಪಾಠ ಮಾಡುವವಳು, ಒಂಟಿ ಹುಡುಗಿ. ಆಸ್ಪತ್ರೆ ಆಸ್ಪತ್ರೆ ಅಲೆದು, ಮನೆಗೆ ಹತ್ತಿರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಹೇಗೋ ಒಂದು ಬೆಡ್ ಹಿಡಿದಳು. ಈ ಕಡೆ ನಮ್ಮ ಊಟದ ಮೇಜು ಹೆಡ್‌ಕ್ವಾರ್ಟರ್ಸ್ ಆಯಿತು. ಬೆಳಿಗ್ಗೆ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಪ್ಪ ಬಂದು ಕೂರುತ್ತಿದ್ದರು. ತಂಗಿ ಲೈನಿಗೆ ಬಂದ ಕೂಡಲೆ, "ಊಟ ಮಾಡಿದ್ಯಾ" ಇಲ್ಲ, "ಹೇಗಿದ್ದೀಯ" ಇಲ್ಲ, ನೇರ "ರಿಪೋರ್ಟ್" ಎನ್ನುತ್ತಿದ್ದರು. ಅವಳು ಸ್ಯಾಚುರೇಷನ್ ಹೇಳುವಳು, ಜ್ವರ ಹೇಳುವಳು. ಅಪ್ಪ ನನ್ನ ಕಡೆ ತಿರುಗಿ "ಮೆಡಿಕಲ್ ಅಡ್ವೈಸ್?" ಎನ್ನುವರು. ನಾನು ಹೇಳುವುದು ಸಲಹೆ. ತೀರ್ಮಾನ ಅವರದು. ನೋಡಿ ನಗು ಬರಬೇಕಿತ್ತು, ಬರಲಿಲ್ಲ.

ಐದನೆಯ ದಿನವೋ ಆರನೆಯ ದಿನವೋ ಅಪ್ಪ ಒಂದು ದೊಡ್ಡ ಕೆಲಸ ಸಾಧಿಸಿಬಿಟ್ಟರು. ಹಿಂದೆ ಅವರ ಕೈಕೆಳಗೆ ಕ್ಯಾಪ್ಟನ್ ಆಗಿದ್ದವನೊಬ್ಬ ಈಗ ಮೇಜರ್ ಜನರಲ್ ಆಗಿದ್ದ. ಅವನಿಗೆ ಹೇಳಿ ಬೆಂಗಳೂರಿನ ಮಿಲಿಟರಿ ಆಸ್ಪತ್ರೆಯಲ್ಲಿ ಅಮ್ಮನಿಗೆ ಬೆಡ್ ಮಾಡಿಸಿದರು. ಫೌಜಿನವರಿಗೆ ಇದೊಂದು ನಂಬಿಕೆ: ಮಿಲಿಟರಿ ಆಸ್ಪತ್ರೆಯ ಬಾಗಿಲು ದಾಟಿದರೆ ಯಮನೂ ಸೆಲ್ಯೂಟ್ ಹೊಡೆದು ಹೊರಗೇ ನಿಲ್ಲುತ್ತಾನೆ. ಆ ಬೆಡ್ಡು ಸಿಕ್ಕಿತಲ್ಲ, ಅಪ್ಪನ ಮುಖಕ್ಕೆ ಹತ್ತು ವರ್ಷ ಕಡಿಮೆಯಾಯಿತು.

"ಅಂಬುಲೆನ್ಸ್ ಹಿಡಿ. ಈಗಲೇ ಬೆಂಗಳೂರಿಗೆ ಹೊರಡಿಸು," ಎಂದರು.

"ಅಪ್ಪಾ, ಇಲ್ಲಿ ಇವತ್ತು ಆಕ್ಸಿಜನ್ ಇದೆ," ಎಂದಳು ತಂಗಿ. "ದಾರೀಲಿ ಸಿಲಿಂಡರ್ ಖಾಲಿಯಾದ್ರೆ? ಇಲ್ಲಿನ ಡಾಕ್ಟ್ರು ಅಲ್ಲಾಡಿಸಬೇಡಿ ಅಂತಿದ್ದಾರೆ. ನೀವು ಇಲ್ಲಿ ಬಂದು ನೋಡಿ. ದೂರದ ಬೆಟ್ಟ ನುಣ್ಣಗೆ."

ಅಪ್ಪ ನನ್ನನ್ನು ನೋಡಿದರು. ಎರಡರಲ್ಲೂ ಅಪಾಯವಿದೆ, ಇಲ್ಲಿಂದ ಹೇಳೋದು ಕಷ್ಟ ಎಂದೆ. ಅದು ನಿಜವಾಗಿತ್ತು.

"ನಿನ್ನ ಅಭಿಪ್ರಾಯ ಕೇಳಲಿಲ್ಲ," ಎಂದು ಅಪ್ಪ ಫೋನಿಗೆ ಹೇಳಿದರು. "ಇದು ಆರ್ಡರ್. ಹೊರಡಿಸು."

"ಆಯ್ತು," ಎಂದು ತಂಗಿ ಫೋನ್ ಇಟ್ಟಳು. ಆಮೇಲೆ ಅವಳ ಫೋನ್ ಸ್ವಿಚ್ ಆಫ್.

ಅವತ್ತು ನನಗೆ ರಜೆ. ಅಪ್ಪ ಒಂದು ಹಾಳೆಯಲ್ಲಿ ಮೈಸೂರಿನಿಂದ ಬೆಂಗಳೂರಿಗೆ ಗೆರೆ ಎಳೆದು, ಗಡಿಯಾರ ನೋಡಿಕೊಂಡು ಉಪ್ಪಿನ ಡಬ್ಬಿಯನ್ನು ಅದರ ಮೇಲೆ ಸರಿಸುತ್ತಾ ಕೂತರು. "ಮಂಡ್ಯ ದಾಟಿರ್ತಾರೆ." ನಾನು ಬಟ್ಟೆ ಮಡಚುತ್ತಿದ್ದೆ. "ಮದ್ದೂರಲ್ಲಿ ಟ್ರಾಫಿಕ್ ಇರಲ್ಲ ಈಗ." ನನ್ನ ಗಂಡ ಮೇಲಿನ ಕೋಣೆಯಲ್ಲಿ ಲೆಪರ್ಡ್ಸ್‌ಟೌನ್ ಆಫೀಸಿನ ಮೀಟಿಂಗಿನಲ್ಲಿದ್ದರು, ಯಾರೋ ನಗುವುದು ಕೇಳಿಸುತ್ತಿತ್ತು. "ರಾಮನಗರ." ಉಪ್ಪಿನ ಡಬ್ಬಿ ಬೆಂಗಳೂರು ಮುಟ್ಟಿ ಒಂದು ಗಂಟೆಯಾದ ಮೇಲೆ ಆ ಮೇಜರ್ ಜನರಲ್ ಫೋನ್ ಮಾಡಿ, ಪೇಷೆಂಟ್ ಇನ್ನೂ ಬಂದಿಲ್ಲ ಸಾರ್, ಬೆಡ್ ಎಷ್ಟು ಹೊತ್ತು ಹಿಡಿದಿಡಲಿ ಎಂದು ಕೇಳಿದ.

ಸಂಜೆ ತಂಗಿಯೇ ಕರೆ ಮಾಡಿದಳು. "ನಾನು ಹೊರಡಿಸಲಿಲ್ಲ ಅಪ್ಪ. ಅಮ್ಮ ಇಲ್ಲೇ ಇದ್ದಾರೆ."

"ಯಾರನ್ನ ಕೇಳಿ ಹೀಗೆ ಮಾಡಿದೆ?"

"ಯಾರನ್ನೂ ಕೇಳಲಿಲ್ಲ."

ಅಪ್ಪ ಫೋನ್ ನನ್ನ ಕೈಗೆ ತುರುಕಿ ಎದ್ದು ಹೋದರು. ಆಮೇಲೆ ಅವಳೊಂದಿಗೆ ಮಾತು ಬಂದ್. ರಿಪೋರ್ಟ್ ನನ್ನ ಮೂಲಕ. ಇವರ ಮಾತು ಅವಳಿಗೆ, ಅವಳ ಮಾತು ಇವರಿಗೆ ದಾಟಿಸುವ ಮೇಜು ಈಗ ನನ್ನದು. ಇಬ್ಬರಿಗೂ ಎರಡೆರಡು ಬಿಗಿಯಬೇಕಿತ್ತು, ಅದಕ್ಕೂ ತ್ರಾಣ ಇರಲಿಲ್ಲ. ಅಮ್ಮ ಒಂದೆರಡು ದಿನ ಚೇತರಿಸಿಕೊಂಡರು. ಎರಡು ಚಮಚ ಗಂಜಿ ಕುಡಿದರಂತೆ. ಅದನ್ನು ಕೇಳಿ ಅಪ್ಪ ಅವತ್ತು ಎರಡನೆಯ ಸಲ ಅನ್ನ ಬಡಿಸಿಕೊಂಡರು. ಅದರ ಮಾರನೆಯ ಬೆಳಿಗ್ಗೆ ಅಮ್ಮ ಹೋಗಿಬಿಟ್ಟರು.

ತಂಗಿ ಕರೆ ಮಾಡಿದಾಗ ಸ್ಪೀಕರ್ ಹಾಕಿದ್ದೆ. ಅವಳು ಅಳುತ್ತಿರಲಿಲ್ಲ. "ಅಕ್ಕ, ನೀನು ಡಾಕ್ಟರ್ ಅಲ್ವಾ. ನಿಜ ಹೇಳು. ಅವತ್ತು ಬೆಂಗಳೂರಿಗೆ ಕಳಿಸಿದ್ರೆ ಅಮ್ಮ ಉಳೀತಿದ್ರಾ?"

ಉಳಿಯುತ್ತಿದ್ದರೇನೋ. ಬಿಡದಿಯ ಹತ್ತಿರ ಸಿಲಿಂಡರ್ ಮುಗಿದು ದಾರಿಯಲ್ಲೇ ಹೋಗುತ್ತಿದ್ದರೇನೋ. ಯಾರಿಗೆ ಗೊತ್ತು? ಇಂಥದ್ದಕ್ಕೆಂದೇ ಬಾಯಿಪಾಠ ಮಾಡಿಕೊಂಡಿದ್ದ ಅಷ್ಟೂ ವಾಕ್ಯಗಳಲ್ಲಿ ಕನ್ನಡದ್ದು ಒಂದೂ ಇರಲಿಲ್ಲ. ಅಪ್ಪ ಬಂದು ಫೋನ್ ತೆಗೆದುಕೊಂಡರು.

"ಕಳಿಸಬೇಡ ಅಂತ ನಾನೇ ಹೇಳಿದ್ದು," ಎಂದರು.

"ಇಲ್ಲಪ್ಪ, ನೀವು ಕಳಿಸು ಅಂದ್ರಿ. ನಾನೇ..."

"ಮೊದಲು ಕಳಿಸು ಅಂದೆ. ಆಮೇಲೆ ಯೋಚನೆ ಮಾಡಿ ಬೇಡ ಅಂದೆ. ಆರ್ಡರ್ ಬದಲಾಯಿಸೋದು ನನ್ನ ಕೆಲಸ, ನಿನ್ನದಲ್ಲ. ಈಗ ತಿರುಗಿ ಹೇಳು."

"ಅಪ್ಪಾ..."

"ತಿರುಗಿ ಹೇಳು ಮಗಳೇ. ಯಾರು ಬೇಡ ಅಂದ್ರು?"

ವೈರ್‌ಲೆಸ್‌ನಲ್ಲಿ ಅಕ್ಷರ ಅಕ್ಷರ ಬಿಡಿಸಿ ಕೇಳುವವರ ಧ್ವನಿ ಅದು. ತಂಗಿ ಆಗ ಅತ್ತಳು, ಜೋರಾಗಿ, ಬಹಳ ಹೊತ್ತು. ಅಪ್ಪ ಫೋನ್ ಕೆಳಗಿಡದೆ ನಿಂತಿದ್ದರು. ಕೊನೆಗೆ ಅವಳು ಹೇಳಿದಳು: "ಅಪ್ಪ ಬೇಡ ಅಂದ್ರು. ಅದಕ್ಕೇ ಕಳಿಸಲಿಲ್ಲ."

"ಸರಿ. ಯಾರು ಕೇಳಿದ್ರೂ ಇಷ್ಟೇ ಹೇಳು."

ಅಮ್ಮನ ಮುಖ ತಂಗಿಗೂ ಸರಿಯಾಗಿ ಕಾಣಲಿಲ್ಲ, ದೇಹವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಟ್ಟಿಯೇ ಕೊಟ್ಟಿದ್ದರು. ಮಧ್ಯಾಹ್ನ ಹಾಸನದಿಂದ ಅಮ್ಮನ ತಮ್ಮ, ನಮ್ಮ ಸೋದರಮಾವ, ಅಪ್ಪನಿಗೆ ಕರೆ ಮಾಡಿದರು. ಬೆಂಗಳೂರಿನ ಬೆಡ್ಡಿನ ಸುದ್ದಿ ಅವರಿಗೆ ಅಷ್ಟರಲ್ಲೇ ಮುಟ್ಟಿತ್ತು. ಅವರ ಧ್ವನಿ ಫೋನಿನಿಂದಾಚೆಗೂ ಕೇಳುತ್ತಿತ್ತು.

"ಅಲ್ಲಿ ಕೂತ್ಕೊಂಡು ನಮ್ಮಕ್ಕನ್ನ ಕೊಂದ್ರಲ್ಲ ಭಾವ. ಸಿಕ್ಕಿದ್ದ ಬೆಡ್ ಬಿಟ್ಟುಬಿಟ್ರಂತಲ್ಲ!"

"ಹೌದು," ಎಂದರು ಅಪ್ಪ. "ಆರ್ಡರ್ ನಂದೇ."

ಮಾವ ಬಾಯಿಗೆ ಬಂದಂತೆ ಬೈದರು. ಅಪ್ಪ ಒಂದಕ್ಕೂ ಎದುರಾಡದೆ ಕೇಳಿಸಿಕೊಂಡರು. ಅಪ್ಪನ ಕಾಲು ಹಿಡಿದುಕೊಳ್ಳಬೇಕು ಅನ್ನಿಸಿತು ನನಗೆ. ಎಷ್ಟೋ ತಿಂಗಳಲ್ಲಿ ಅನ್ನಿಸಿದ್ದು ಅದೊಂದೇ. ಹಿಡಿದುಕೊಳ್ಳಲಿಲ್ಲ, ಟೀ ಇಟ್ಟೆ.

ಸ್ವಲ್ಪ ಹೊತ್ತಿಗೆ ತಂಗಿ ನನಗೆ ಫೋನ್ ಮಾಡಿದಳು. ಮಾವ ಅವಳಿಗೂ ಮಾಡಿದ್ದರಂತೆ. "ನೀನೇನು ಮಾಡ್ತೀಯ ಕಣಮ್ಮ, ಪಾಪ, ಎಲ್ಲ ನಿಮ್ಮಪ್ಪನ ಹಟ" ಎಂದರಂತೆ.

"ನೀನೇನಂದೆ?"

"ಹೂಂ ಅಂದೆ ಅಕ್ಕ," ಎಂದಳು.