ದೊಡ್ಡವ್ವ ಬೇಡವೆಂದ ಮಾತ್ರೆ

ಹೋದ ವಾರ ಹಾಸನದ ಆಸ್ಪತ್ರೆಯೊಂದರ ಮೆಟ್ಟಿಲ ಮೇಲೆ ಕೂತಿದ್ದೆ. ಪಕ್ಕದಲ್ಲಿ ಯಾರೋ ಹೆಂಗಸು ತನ್ನ ತಾಯಿಯ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು. ಕರ್ಪೂರ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ. ಆ ವಾಸನೆಗೆ ನಾನು ಹೊಳೆನರಸೀಪುರದ ನಮ್ಮ ಬೀದಿಗೆ, ಪಕ್ಕದ ಮನೆ ದೊಡ್ಡವ್ವನ ಮಂಚದ ಹತ್ತಿರಕ್ಕೆ ಹೋಗಿಬಿಟ್ಟೆ...

ಅವರು ನಮಗೆ ನೆಂಟರೇನಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಮುದ್ದೆ ಗಂಟಾಗುತ್ತದೆಂದು ಅಳುತ್ತಿದ್ದ ನನ್ನ ಕೈಯಿಂದ ಕೋಲು ಕಿತ್ತುಕೊಂಡು, ಬೈಯುತ್ತಲೇ ತಿರುವಿ ತೋರಿಸಿದವರು. ಬೀದಿಯ ಕೊನೆಯವರೆಗೂ ಕೇಳುವ ಗಂಟಲು. ಮಗ ಲಾರಿ ಓಡಿಸುತ್ತಿದ್ದ, ಮನೆಯಲ್ಲಿದ್ದದ್ದೇ ಕಡಿಮೆ. ಸೊಸೆ ಬೆಳಗಿನ ಬಸ್ಸಿಗೇ ಹಾಸನದ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಡುತ್ತಿದ್ದಳು. ಮೊಮ್ಮಗನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ್ದು ದೊಡ್ಡವ್ವನೇ.

ಅವರ ಬೆನ್ನುಮೂಳೆಗೆ ಕ್ಯಾನ್ಸರ್ ಇಳಿದಿದೆ ಎಂದು ಗೊತ್ತಾದಾಗ ವಾಸಿ ಮಾಡುವ ಕಾಲ ಮೀರಿತ್ತು. ನೋವಾದರೂ ತಗ್ಗಲಿ ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟರು. ಬೇರೆ ಯಾರೂ ಮುಟ್ಟದ ಹಾಗೆ ಇಡಿ ಅಂತ ಒತ್ತಿ ಹೇಳಿದ್ದರಂತೆ.

ಪಿಯುಸಿ ಓದುತ್ತಿದ್ದ ಮೊಮ್ಮಗ ಆಗಲೇ ಬೈಕಿನಿಂದ ಬಿದ್ದು ಭುಜ ಮುರಿದುಕೊಂಡ. ಅವನು ಮಲಗಲಾರದೆ ಒದ್ದಾಡುವುದನ್ನು ನೋಡಲಾಗದೆ ದೊಡ್ಡವ್ವ ತಮ್ಮದೊಂದು ಮಾತ್ರೆ ಕೊಟ್ಟರು. "ನುಂಗ್ಲಾ ಮಗ, ನೋವು ಓಯ್ತದೆ" ಅಂದರಂತೆ.

ಭುಜ ಕೂಡಿಕೊಂಡಿತು. ಅವನು ಮಾತ್ರೆ ಬಿಡಲಿಲ್ಲ.

ತರುವ ಮಾತ್ರೆ ಬೇಗಬೇಗ ಮುಗಿಯತೊಡಗಿದಾಗ ಸೊಸೆ ಕೇಳಿದಳು. "ತಡೀನಾರ್ದೆ ನಾನೇ ನುಂಗ್ಬುಟ್ಟೆ ಕಣವ್ವ" ಎಂದರು ದೊಡ್ಡವ್ವ. ಮಧ್ಯಾಹ್ನಗಳಲ್ಲಿ ಅವರ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದವಳು ನಾನು. ಅಷ್ಟು ಮಾತ್ರೆ ನುಂಗಿದವರು ಹೀಗೇಕೆ ಸೆರಗು ಕಚ್ಚಿ ಬೆವರುತ್ತಾರೆ ಎಂದು ಅರ್ಥವಾಗುತ್ತಿರಲಿಲ್ಲ. ಒಂದು ದಿನ ಕಣ್ಣಾರೆ ನೋಡಿದೆ. ಹುಡುಗ ಬಂದು ದಿಂಬಿನ ಕೆಳಗೆ ಕೈ ಹಾಕಿ ಮಾತ್ರೆ ತೆಗೆದುಕೊಂಡ. ದೊಡ್ಡವ್ವ ಕಣ್ಣು ಮುಚ್ಚಿಕೊಂಡಿದ್ದರು, ಆದರೆ ನಿದ್ದೆಯಲ್ಲಿರಲಿಲ್ಲ. ಅವನು ಹೋದ ಮೇಲೆ ನನ್ನ ಕೈ ಹಿಡಿದುಕೊಂಡರು.

"ಯಾರ್ಗೂ ಯೋಳ್ಬ್ಯಾಡ ಕಣವ್ವ. ಅವ್ರಪ್ಪ ಸಾಯ್ಸ್ಬುಡ್ತಾನೆ."

ಅವತ್ತು ಸಂಜೆಯೇ ಸೊಸೆಗೆ ಹೇಳಿದೆ. ಅವಳು ಮಾತ್ರೆಯನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಳು. ಹುಡುಗ ಎರಡು ದಿನ ನಡುಗಿದ, ವಾಂತಿ ಮಾಡಿಕೊಂಡ, ಅವ್ವನ ಕಾಲು ಹಿಡಿದು ಒಂದೇ ಒಂದು ಕೊಡು ಎಂದು ಅತ್ತ. ಮೂರನೆಯ ದಿನ ಡಬ್ಬ ಹುಡುಕಿ ಸಿಕ್ಕಿದ್ದನ್ನೆಲ್ಲ ನುಂಗಿ ಬಚ್ಚಲಲ್ಲಿ ಬಿದ್ದಿದ್ದ. ಉಸಿರು ಬರುತ್ತಿದೆಯೋ ಇಲ್ಲವೋ ಅನ್ನುವ ಹಾಗಿತ್ತು. ಮಂಚದಿಂದ ಏಳಲಾಗದ ದೊಡ್ಡವ್ವ, ನಾವು ಅವನನ್ನು ಆಟೋಗೆ ಹಾಕಿಕೊಳ್ಳುವವರೆಗೂ ಅವನ ಹೆಸರು ಕೂಗುತ್ತಲೇ ಇದ್ದರು.

ಬದುಕಿ ಮನೆಗೆ ಬಂದ. ಆಗ ದೊಡ್ಡವ್ವ ಹೇಳಿದ್ದು ಒಂದೇ ಮಾತು. "ಆ ಮಾತ್ರೆ ಇನ್ನು ಈ ಒಸ್ಲು ದಾಟ್ಬಾರ್ದು."

ಸೊಸೆ ಬೇಡಿಕೊಂಡಳು. ನಮ್ಮ ಮನೆಯಲ್ಲಿ ಬೀಗ ಹಾಕಿಟ್ಟು, ಹೊತ್ತು ಹೊತ್ತಿಗೆ ನಾನೇ ತಂದುಕೊಡುತ್ತೇನೆ ಅಂದೆ.

"ನಿಮ್ಮನೆ ಬಾಗ್ಲಿಗೆ ಬರಾಕಿಲ್ವ ಅವ್ನು? ನಿಂಗೂ ಮಕ್ಕಳವೆ" ಎಂದರು. ಆಮೇಲೆ ಗೋಡೆಯ ಕಡೆ ತಿರುಗಿ, "ಮೊದಲ್ನೇದ ನಾನೇ ಕೈಯಾರೆ ಕೊಟ್ಟೆ..." ಅಂದರು.

ಮುಂದಿನ ದಿನಗಳನ್ನು ನೆನೆಯಲು ಇವತ್ತಿಗೂ ಆಗುವುದಿಲ್ಲ. ಬರೀ ಎಣ್ಣೆ, ಬಿಸಿನೀರಿನ ಶಾಖ. ಬೀದಿಗೆಲ್ಲ ಕೇಳುತ್ತಿದ್ದ ಆ ಗಂಟಲು ಬರುಬರುತ್ತಾ ಬರೀ ನರಳಾಟವಾಯಿತು. ಹುಡುಗ ಕಾಲೇಜು ಬಿಟ್ಟು ಪಕ್ಕದಲ್ಲೇ ಕೂತಿರುತ್ತಿದ್ದ. ಒಮ್ಮೆ ನನ್ನೆದುರೇ, "ತಕ್ಕೊಳಜ್ಜಿ, ನಾನು ಮುಟ್ಟಲ್ಲ, ನಿನ್ನಾಣೆ" ಎಂದು ಗೋಗರೆದ.

"ಮುಟ್ಟಾಕಿಲ್ಲ ಅಂತ ಗೊತ್ತು ಕಣ್ಲಾ" ಎಂದರು ದೊಡ್ಡವ್ವ, ಅವನ ತಲೆ ಸವರುತ್ತಾ. "ಆದ್ರೂ ಬ್ಯಾಡ."

ಮಾತ್ರೆ ಮುಟ್ಟದೆಯೇ ಹೋದರು.

ಹುಡುಗ ಒಂದಷ್ಟು ಕಾಲ ಚೆನ್ನಾಗಿದ್ದ. ಚನ್ನರಾಯಪಟ್ಟಣದ ಗ್ಯಾರೇಜೊಂದರಲ್ಲಿ ಕೆಲಸಕ್ಕೂ ಸೇರಿದ್ದ. ಆಮೇಲೆ ಎಲ್ಲಿಂದಲೋ, ಯಾರಿಂದಲೋ ಮತ್ತೆ ಶುರುವಾಯಿತು. ಹೋದ ವಾರ ನಾನು ಹಾಸನಕ್ಕೆ ಹೋಗಿದ್ದು ಅದಕ್ಕೇ. ಚಟ ಬಿಡಿಸುವ ವಾರ್ಡಿಗೆ ಅವನನ್ನು ಸೇರಿಸಿದ್ದಾರೆ, ಇದು ಎರಡನೇ ಸಲ. ಅವರವ್ವ ಡಾಕ್ಟರ ಹತ್ತಿರ ಮಾತಾಡಿ ಬಂದ ಮೇಲೆ ಇಬ್ಬರೂ ಒಳಗೆ ಹೋದೆವು. ಸೊರಗಿ ಕಡ್ಡಿಯಾಗಿದ್ದ. ಅವಳು ತಂದಿದ್ದ ಅನ್ನ ಕಲೆಸುತ್ತಿದ್ದಾಗ ನನ್ನ ಕಡೆ ನೋಡಿದ.

"ಆಂಟಿ, ಅಜ್ಜಿ ನನ್ ಮ್ಯಾಲೆ ಸಿಟ್ಟಾಗಿದ್ಳಾ?"

"ಇಲ್ಲ ಕಣಪ್ಪ. ಒಂದಿನಾನೂ ಆಗ್ಲಿಲ್ಲ" ಅಂದೆ.

"ಆಗ್ಬೇಕಿತ್ತು" ಅಂದ.