ರಾಜಮ್ಮ ಆಂಟಿಯ ಮಹಡಿಯ ಮೇಲಿನ ನಕ್ಷತ್ರ

ಆಗೆಲ್ಲ ಬಸವೇಶ್ವರನಗರದಲ್ಲಿ ಡಿಸೆಂಬರ್ ಬಂತೆಂದು ನನಗೆ ಗೊತ್ತಾಗುತ್ತಿದ್ದುದು ಅಮ್ಮ ಕಾಯಿಸುತ್ತಿದ್ದ ಮೈದಾ ಅಂಟಿನ ವಾಸನೆಯಿಂದ. ರಾಜಮ್ಮ ಆಂಟಿಯ ಮನೆಯ ಮಹಡಿಯಲ್ಲಿ ನಾವು ಬಾಡಿಗೆಗಿದ್ದೆವು. ಇಡೀ ಬೀದಿಗೆ ಕ್ರೈಸ್ತರೆಂದರೆ ನಾವೊಬ್ಬರೇ. ಗೋದಲಿಯಲ್ಲಿ ಬಾಲಯೇಸುವಿನ ಸುತ್ತ ಇಡಲು ಅಮ್ಮ ತೆಂಗಿನ ಚಿಪ್ಪುಗಳಲ್ಲಿ ರಾಗಿ ಚೆಲ್ಲಿ ಪೈರು ಬರಿಸುತ್ತಿದ್ದಳು. ಬಿದಿರು ಕಡ್ಡಿಗೆ ಕೆಂಪು ಕಾಗದ ಅಂಟಿಸಿ, ನನ್ನಷ್ಟೆತ್ತರದ ನಕ್ಷತ್ರ ಮಾಡಿ ಬಾಲ್ಕನಿಗೆ ಕಟ್ಟುತ್ತಿದ್ದಳು.

"ಯೇಸಪ್ಪನ್ನ ಒಳಗಿಟ್ಟು ಬಾಗ್ಲು ಹಾಕ್ಕೊಳೋಕಾಗುತ್ತೇನೇ?" ಎನ್ನುತ್ತಿದ್ದಳು.

ನಕ್ಷತ್ರಕ್ಕೆ ಬಾಲ ಅಂಟಿಸುವ ಕೆಲಸ ಆಂಟಿಯ ಮಗಳು ಗೀತಕ್ಕನದು. ಅರ್ಧ ಅಂಟು ನನ್ನ ಮೂಗಿಗೇ ಬಳಿಯುತ್ತಿದ್ದಳು. ನನಗೆ ಅವಳೆಂದರೆ ಪ್ರಾಣ.

ಆ ವರ್ಷ ಗೀತಕ್ಕನನ್ನು ನೋಡಲು ಗಂಡಿನ ಕಡೆಯವರು ಬರುವುದಿತ್ತು, ಭಾನುವಾರ ನಾಲ್ಕಕ್ಕೆ. ಹಿಂದಿನ ದಿನವೇ ಆಂಟಿ ಮೆಟ್ಟಿಲು ಹತ್ತಿ ಬಂದರು. "ಆ ಸ್ಟಾರನ್ನ ಸ್ವಲ್ಪ ಬಿಚ್ಚಿಡಿ ಫಿಲೋಮಿನಾ. ನಮ್ಮನ್ನೇ ಆ ಜಾತಿಯವ್ರು ಅಂದ್ಕೊಂಡ್ಬಿಟ್ರೆ?"

"ಬಾಡಿಗೆ ಕೊಟ್ಟಿರೋ ಮನೆ ಇದು. ಬಿಚ್ಚಲ್ಲ ಆಂಟಿ," ಎಂದಳು ಅಮ್ಮ.

ಭಾನುವಾರ ಮಧ್ಯಾಹ್ನ ಅಮ್ಮ ಚರ್ಚಿನಲ್ಲಿ ಹಾಡಿನ ತಾಲೀಮಿಗೆ ಹೋಗಿದ್ದಾಗ ಗೀತಕ್ಕ ಬಂದಳು. ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ, ಕೈಯಲ್ಲಿ ಈಳಿಗೆಯಷ್ಟು ಹರಿತವಾದ ಚಾಕು. ಅಡ್ಡ ನಿಂತ ನನ್ನನ್ನು ಮೊಣಕೈಯಿಂದ ತಳ್ಳಿದಳು.

"ಅಕ್ಕ, ಬಾಲ ನೀನೇ ಅಂಟ್ಸಿದ್ದಲ್ವಾ!"

"ನನ್ ಮದ್ವೆ ನಿಂತೋದ್ರೆ ನಿಮ್ ಯೇಸು ಮಾಡ್ಸ್ತಾನೇನೇ?"

ದಾರ ಕೊಯ್ದಳು. ಕೆಳಗೆ ಬಿದ್ದುದನ್ನು ಕಾಲಿನಿಂದ ಮುರಿದಳು. ಕಡ್ಡಿಗಳು ಒಂದೊಂದಾಗಿ ಲಟಕ್ಕೆಂದವು. ನಾನು ಅಳುವುದನ್ನೂ ಮರೆತು ನೋಡುತ್ತಿದ್ದೆ.

ಗಂಡಿನ ಕಡೆಯವರು ಬಂದಾಗ ಐದು ಗಂಟೆ. ಕಾರಿಳಿದ ಹಿರಿಯರು ಬೆವರು ಒರೆಸಿಕೊಳ್ಳುತ್ತ ಅಂದದ್ದು ಬಾಲ್ಕನಿಯಲ್ಲಿದ್ದ ನನಗೂ ಕೇಳಿಸಿತು. "ಬ್ರೋಕರು ಮೇಲ್ಗಡೆ ಕೆಂಪು ಸ್ಟಾರ್ ಕಟ್ಟಿರೋ ಮನೆ ಅಂದಿದ್ರು ಕಣಮ್ಮ. ಸ್ಟಾರ್ ಹುಡುಕ್ತಾ ಇಡೀ ಬಡಾವಣೆ ಸುತ್ತಿದ್ವಿ. ರಾಹುಕಾಲ ಬಂದ್ಬಿಡ್ತು."

ರಾಹುಕಾಲದಲ್ಲಿ ಹೊಸ್ತಿಲು ದಾಟಿದ ಸಂಬಂಧ ಕೂಡಿ ಬರಲಿಲ್ಲ. ಸಿಟ್ಟು ಯಾರ ಮೇಲೆ ಬರಬೇಕು? ನಮ್ಮ ಮೇಲೆಯೇ. "ನಿಮ್ ದರಿದ್ರ ಸ್ಟಾರಿಂದ್ಲೇ ಹಿಂಗಾಗಿದ್ದು," ಎಂದು ಆಂಟಿ ಕ್ರಿಸ್ಮಸ್ಸಿಗೆ ಮೊದಲೇ ಮನೆ ಖಾಲಿ ಮಾಡಿಸಿದರು. ಸಾಮಾನು ಇಳಿಸುವಾಗ ರಾಗಿ ಪೈರಿನ ಚಿಪ್ಪುಗಳನ್ನು ಗೀತಕ್ಕ ಬೀದಿ ಹಸುವಿನ ಮುಂದೆ ಸುರಿದಳು. ಅದು ಮಾತ್ರ ಸಂತೋಷವಾಗಿ ತಿಂದಿತು.

ಆಮೇಲಿನ ಬಾಡಿಗೆ ಮನೆಗಳಲ್ಲಿ ಅಮ್ಮ ನಕ್ಷತ್ರವನ್ನು ಒಳಕೋಣೆಯಲ್ಲಿ ಕಟ್ಟಿದಳು, ಕಿಟಕಿ ಹಾಕಿ.

ಈಗ ಅನ್ನಪೂರ್ಣೇಶ್ವರಿ ನಗರದಲ್ಲಿ ನಮ್ಮದೇ ಫ್ಲ್ಯಾಟು. ನಕ್ಷತ್ರ ಬೇಡ ಎನ್ನುವವರು ಯಾರೂ ಇಲ್ಲ. ಪಕ್ಕದ ಮನೆಯ ಮಕ್ಕಳು ತಾವೂ ಒಂದು ಕಟ್ಟಿಕೊಂಡಿದ್ದಾರೆ. ಆದರೂ ಡಿಸೆಂಬರಿನ ಸಂಜೆ ನಾನು ಬಾಲ್ಕನಿಯ ನಕ್ಷತ್ರ ಹಚ್ಚಿದ ಕೂಡಲೇ ಅಮ್ಮ ಗೋಡೆ ಹಿಡಿದು ಬಂದು ಸ್ವಿಚ್ ಒತ್ತಿ ಆರಿಸುತ್ತಾಳೆ.

"ನೋಡೋರು ಏನಂದ್ಕೋತಾರೋ, ಬೇಡ ಕಣೇ."

ನಾನು ಮತ್ತೆ ಹಚ್ಚುತ್ತೇನೆ. ಅಮ್ಮ ಜಪಸರ ಹಿಡಿದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ.